ಸರಾಸರಿಗೇ ನಿಲ್ಲಬೇಡ, ಮಗಳೇ

ಹೊಸನಗರ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ನೀನು ನಮ್ಮ ಮಲೆನಾಡು ಗಿಡ್ಡ ಹಸುಗಳ ಹಾಲಿನ ಅಳತೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡೆ ಎಂದು ಕೇಳಿ ಬಹಳ ಸಂತೋಷವಾಯಿತು. ಆದರೆ ಫೋನಿನಲ್ಲಿ "ಸರಾಸರಿ ತೆಗೆದರೆ ಮುಗಿಯಿತಲ್ಲ ಅಪ್ಪ" ಎಂದೆಯಲ್ಲ, ಆ ಮಾತಿಗಾಗಿ ಈ ಕಾಗದ.

ನೀನು ಮೂರನೇ ತರಗತಿಯಲ್ಲಿದ್ದಾಗ ನಮ್ಮ ಕೊಟ್ಟಿಗೆಯ ಐದು ಹಸುಗಳು ಎರಡು ಹೊತ್ತೂ ಸೇರಿ ದಿನಕ್ಕೆ 1, 1.5, 2, 2.5, 3 ಲೀಟರ್ ಕೊಡುತ್ತಿದ್ದವು. ಸರಾಸರಿ 2 ಲೀಟರ್. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರವಿದೆಯೋ ಅದರ ವರ್ಗಗಳನ್ನು ಕೂಡಿದರೆ 2.5 ಬರುತ್ತದೆ, ಅದನ್ನು 5ರಿಂದಲ್ಲ, 4ರಿಂದ ಭಾಗಿಸಬೇಕು, ಏಕೆಂದರೆ ಸರಾಸರಿಯನ್ನೂ ಇದೇ ಅಂಕಿಗಳಿಂದ ಪಡೆದದ್ದರಿಂದ ನಾಲ್ಕು ವ್ಯತ್ಯಾಸಗಳು ಗೊತ್ತಾದರೆ ಐದನೆಯದು ತಾನಾಗಿಯೇ ನಿಗದಿಯಾಗಿಬಿಡುತ್ತದೆ. ಸಿಕ್ಕ 0.625 ವೇರಿಯನ್ಸ್, ಅದರ ವರ್ಗಮೂಲ 0.79 ಲೀಟರ್ ಮಾನಕ ವಿಚಲನೆ. ಚಿಕ್ಕಪ್ಪನ ಮನೆಯ ಮಿಶ್ರತಳಿ ಹಸುಗಳು 8, 9, 10, 11, 12 ಲೀಟರ್ ಕೊಡುತ್ತವೆ ಎಂದಿಟ್ಟುಕೋ. ಅಲ್ಲಿ ಮಾನಕ ವಿಚಲನೆ 1.58. ಏರುಪೇರು ಅಲ್ಲೇ ಹೆಚ್ಚೆಂದು ತೋರುತ್ತದೆ, ಆದರೆ ಆಯಾ ಸರಾಸರಿಗೆ ಶೇಕಡಾವಾರು ಹಿಡಿದರೆ ಅವರದು ಸುಮಾರು 16, ನಮ್ಮದು ಸುಮಾರು 40. ತಳಿ ಆಯ್ಕೆ ಮಾಡುವವನಿಗೆ ಈ ಏರುಪೇರೇ ಬಂಡವಾಳ.

ಆ ಬಂಡವಾಳವೆಲ್ಲ ರಕ್ತದ್ದಲ್ಲ. 1918ರಲ್ಲಿ ವೇರಿಯನ್ಸ್ ಎಂಬ ಪದವನ್ನು ಬಳಕೆಗೆ ತಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ಆರಿಸಿಕೊಂಡದ್ದೇ ಒಟ್ಟು ಏರುಪೇರನ್ನು ಅದರ ಕಾರಣಗಳಿಗೆ ಪಾಲು ಹಾಕಲು ಬರುತ್ತದೆ ಎಂದು. ಹಾಗೆ ಹಂಚಿದಾಗ ತಂದೆತಾಯಿಯಿಂದ ಕರುವಿಗೆ ಇಳಿಯುವ ಪಾಲೇ ಹೆರಿಟೆಬಿಲಿಟಿ. ಹಾಲಿನ ಇಳುವರಿಗೆ ಅದು ಸಾಮಾನ್ಯವಾಗಿ 0.3ರ ಆಸುಪಾಸಿನಲ್ಲಿರುತ್ತದೆ.

ಇದನ್ನು ತಿಳಿಯದೆ ನಾನೊಂದು ತಪ್ಪು ಮಾಡಿದ್ದೇನೆ. ಮೂರು ಲೀಟರ್ ಕೊಡುತ್ತಿದ್ದ ಗೌರಿಯ ಪಡ್ಡೆ ಕರು ಹಾಕಿ ಎರಡೇ ಲೀಟರ್ ಕೊಟ್ಟಾಗ, ತಾಯಿಯ ಗುಣ ಬರಲಿಲ್ಲವೆಂದು ಆ ವರ್ಷವೇ ಮಾರಿಬಿಟ್ಟೆ. ಗೌರಿ ಆಗ ನಾಲ್ಕನೇ ಸೂಲಿನಲ್ಲಿದ್ದಳು. ನಿನ್ನ ಅಮ್ಮ ಅಕ್ಕಚ್ಚಿಗೆ ಅವಳ ಪಾಲಿಗೆ ಮಾತ್ರ ಒಂದು ಹಿಡಿ ಹಿಂಡಿಯನ್ನು ಹೆಚ್ಚಾಗಿಯೇ ಕದಡುತ್ತಿದ್ದಳು. ಸರಾಸರಿಗಿಂತ 1 ಲೀಟರ್ ಹೆಚ್ಚು ಕೊಡುವ ತಾಯಿಯಿಂದ, ಹೋರಿ ಸಾಧಾರಣದ್ದಾದರೆ, ಮಗಳಲ್ಲಿ ಸರಾಸರಿಯ ಮೇಲೆ ನಿರೀಕ್ಷಿಸಬಹುದಾದದ್ದು, ತಾಯಿಯಿಂದ ಇಳಿಯುವುದು ಅರ್ಧವೇ ಆದ್ದರಿಂದ, 0.3ರ ಅರ್ಧ, ಅಂದರೆ 150 ಮಿಲಿಲೀಟರ್ ಮಾತ್ರ. ಚೊಚ್ಚಲ ಸೂಲಿನಲ್ಲೇ ಎರಡು ಲೀಟರ್ ಕೊಟ್ಟ ಆ ಪಡ್ಡೆಯಲ್ಲಿ ಕೊರತೆಯೇನೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಆದ್ದರಿಂದ ಪ್ರತಿ ಹಸುವಿನ ಹಾಲಿನ ಜೊತೆಗೆ ಅದು ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಬೆಟ್ಟಕ್ಕೆ ಮೇಯಲು ಹೋಗುತ್ತದೆಯೋ ಕೊಟ್ಟಿಗೆಯಲ್ಲೇ ಹಿಂಡಿ ತಿನ್ನುತ್ತದೆಯೋ, ತಾಯಿ ಯಾವುದು, ಹೋರಿ ಯಾವುದು ಎಂಬುದನ್ನೂ ತಪ್ಪದೆ ಬರೆದುಕೋ. ನನ್ನ ಹಳೆಯ ಹಾಲಿನ ಪುಸ್ತಕವನ್ನು ನಾಳೆ ಬೆಳಗಿನ ಬಸ್ಸಿಗೆ ಕೊಟ್ಟು ಕಳುಹಿಸುತ್ತೇನೆ. ಗೌರಿಯ ಪುಟಕ್ಕೆ ಗುರುತು ಇಟ್ಟಿದ್ದೇನೆ.

ಇತಿ,
ನಿನ್ನ ಅಪ್ಪ