ಸಾಕರ್ ಆಟಕ್ಕೆ ಅಮೆರಿಕನ್ ಫುಟ್‌ಬಾಲ್ ಶೂ ಕೊಡುವುದನ್ನು ನಿಲ್ಲಿಸಿರುವ ಕುರಿತು

ಮಾನ್ಯ ಗ್ರಾಹಕರೇ,

ಸಾಕರ್ ಆಡಲು ಶೂ ಬೇಕೆಂದು ಬರುವವರಿಗೆ ಈ ಋತುವಿನಿಂದ ನಾವು ಅಮೆರಿಕನ್ ಫುಟ್‌ಬಾಲ್ ಶೂಗಳನ್ನು ಕೊಡುವುದಿಲ್ಲ. ಅಂಥ ಶೂಗಳ ಮುಂತುದಿಯಲ್ಲಿರುವ ಸ್ಟಡ್ಡನ್ನು (ನೆಲವನ್ನು ಹಿಡಿಯಲು ಅಟ್ಟೆಯಡಿ ಇರುವ ಗುಬ್ಬಿಯಂಥ ಮುಂಚಾಚನ್ನು) ಕತ್ತರಿಸಿ, ಉಜ್ಜಿ, ಸಾಕರ್‌ಗೆ ಹೊಂದಿಸಿಕೊಡುತ್ತಿದ್ದ ಕೆಲಸವನ್ನೂ ನಿಲ್ಲಿಸಿದ್ದೇವೆ. ಇದರಿಂದ ನಮ್ಮ ಹಳೆಯ ಗ್ರಾಹಕರಲ್ಲಿ ಹಲವರಿಗೆ ಅನನುಕೂಲವಾಗಿದೆ. ಅದಕ್ಕಾಗಿ ಮನಃಪೂರ್ವಕ ವಿಷಾದಿಸುತ್ತೇವೆ. ಆದರೆ ತೀರ್ಮಾನವನ್ನು ಬದಲಿಸುವುದಿಲ್ಲ.

ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿರುವ ಮಾತೊಂದಿದೆ: ಎರಡೂ ಶೂಗಳ ಅಡಿಯಲ್ಲಿ ಸ್ಟಡ್‌ಗಳಿವೆ, ಎರಡೂ ಹುಲ್ಲಿನ ಮೇಲೆ ಓಡುವುದಕ್ಕೇ ಇರುವುವು, ಹೀಗಿರುವಾಗ ಇದು ಎರಡು ಜೊತೆ ತಲೆಗೆ ಕಟ್ಟುವ ಉಪಾಯವಲ್ಲದೆ ಮತ್ತೇನು ಎಂದು. ಈ ಆರೋಪ ನಮಗೆ ನೋವು ತಂದಿದೆ. ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಬೇಕು.

ಎರಡು ಶೂಗಳನ್ನೂ ಬೋರಲು ಹಾಕಿ ನೋಡಿ. ಅಮೆರಿಕನ್ ಫುಟ್‌ಬಾಲ್ ಶೂಗಳಲ್ಲಿ ಹೆಚ್ಚಿನವಕ್ಕೆ ಹೆಬ್ಬೆರಳಿನ ಮುಂದೆ, ಅಟ್ಟೆಯ ನಟ್ಟನಡುವಿನ ತುದಿಯಲ್ಲಿ ಒಂಟಿ ಸ್ಟಡ್ ಇರುತ್ತದೆ. ಸಾಕರ್ ಶೂಗಳಲ್ಲಿ ಆ ಜಾಗ ಖಾಲಿ. ಬಗ್ಗಿ ನಿಂತ ಆಟಗಾರ ನೆಲಕ್ಕೆ ಬೆರಳೂರಿ ಎದುರಾಳಿಯನ್ನು ಒಂದೇ ನೆಗೆತಕ್ಕೆ ನೂಕಬೇಕಾದ ಆಟದಲ್ಲಿ ಆ ಸ್ಟಡ್‌ಗೆ ಕೆಲಸವಿದೆ. ಸಾಕರ್‌ನಲ್ಲಿ ಪಾದದ ಮೇಲ್ಭಾಗದಿಂದ ಚೆಂಡನ್ನು ಒದೆಯುವಾಗ ಬೆರಳುಗಳು ಕೆಳಮುಖವಾಗಿ ನೆಲಕ್ಕೆ ತಾಗುವಷ್ಟು ಹತ್ತಿರ ಸರಿಯುತ್ತವೆ; ಮುಂತುದಿಯ ಸ್ಟಡ್ ಹುಲ್ಲಿಗೆ ಸಿಕ್ಕಿತೆಂದರೆ ಪಾದ ಅಲ್ಲೇ ನಿಂತು ದೇಹ ಮುಂದೆ ಹೋಗುತ್ತದೆ. ಜಾರಿ ಚೆಂಡು ಕಸಿಯುವಾಗ ಅದೇ ಸ್ಟಡ್ ಎದುರಾಳಿಯ ಕಣಕಾಲಿಗೆ ನೇರವಾಗಿ ಹೋಗುತ್ತದೆ. ಸಾಕರ್ ನಿಯಮಗಳ 4ನೆಯ ನಿಯಮವು ಯಾವ ಆಕಾರದ ಸ್ಟಡ್ ಇರಬೇಕೆಂದು ಹೇಳದಿದ್ದರೂ, ಅಪಾಯಕಾರಿಯಾದ ಯಾವುದನ್ನೂ ಆಟಗಾರ ಧರಿಸುವಂತಿಲ್ಲ ಎಂದು ಹೇಳುತ್ತದೆ, ಮತ್ತು ಅಪಾಯವಿದೆಯೇ ಎಂಬುದನ್ನು ನಿರ್ಧರಿಸುವವರು ರೆಫರಿ. ಮಕ್ಕಳ ಪಂದ್ಯಾವಳಿಗಳಲ್ಲಿ ಅನೇಕವು ಮುಂತುದಿಯ ಸ್ಟಡ್ಡನ್ನು ಹೆಸರಿಸಿಯೇ ನಿಷೇಧಿಸಿವೆ. ಶೂ ಬದಲಿಸುವವರೆಗೆ ಮೈದಾನದ ಹೊರಗೆ ನಿಲ್ಲಬೇಕಾದ ಮಗುವಿಗೆ ಆಗುವ ಬೇಸರ ನಮ್ಮ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ ನಿಜ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ವ್ಯಾಪಾರ ಮಾಡಲು ನಮಗೆ ಬರುವುದಿಲ್ಲ.

ಹಾಗಿದ್ದರೆ ಮೊದಲಿನಂತೆ ಅದೊಂದನ್ನು ಕತ್ತರಿಸಿಕೊಡಿ ಎನ್ನುವಿರಿ. ಅಚ್ಚಿನಲ್ಲಿ ಒಂದೇ ತುಂಡಾಗಿ ಎರಕವಾದ ಅಟ್ಟೆಯಲ್ಲಿ ಸ್ಟಡ್ ಕತ್ತರಿಸಿದ ಕಡೆ ಗಡುಸಾದ ಬುಡ ಉಳಿಯುತ್ತದೆ. ಎಷ್ಟು ಉಜ್ಜಿದರೂ ಬೆರಳಾಡಿಸಿದಾಗ ಅಂಚು ತಾಗುತ್ತದೆ, ಇನ್ನೂ ಉಜ್ಜಿದರೆ ಅಟ್ಟೆ ತೆಳುವಾಗಿ ಸೀಳುತ್ತದೆ. ಮೇಲಾಗಿ ಉಳಿದ ಸ್ಟಡ್‌ಗಳು ಇದ್ದಲ್ಲೇ ಇರುತ್ತವೆ. ಅಮೆರಿಕನ್ ಫುಟ್‌ಬಾಲ್ ಆಡುವ ಪ್ರೌಢಶಾಲಾ ಆಟಗಾರರನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಟ್ಟೆಯ ಅಂಚಿನುದ್ದಕ್ಕೂ ಉದ್ದನೆಯ ಸ್ಟಡ್‌ಗಳಿದ್ದ ಶೂಗಳು ತಿರುಗುವ ಪಾದವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದೂ, ಅವುಗಳನ್ನು ತೊಟ್ಟವರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದ ಪ್ರಕರಣಗಳು ಹೆಚ್ಚಾಗಿದ್ದುದೂ ಕಂಡುಬಂತು. ಅವು ಅದೇ ಆಟಕ್ಕೆಂದು ಮಾಡಿದ ಶೂಗಳು ಎಂಬುದನ್ನು ಗಮನಿಸಬೇಕು. ಚೆಂಡಿನ ಹಿಂದೆ ಹೆಜ್ಜೆ ಹೆಜ್ಜೆಗೂ ತಿರುಗುವ ಸಾಕರ್ ಆಟಗಾರನಿಗೆ ಅಂಥ ಹಿಡಿತವನ್ನು ನಾವಾಗಿ ಕೊಡಲಾರೆವು. ಮೇಲ್ಭಾಗದ ದಪ್ಪ ಮೆತ್ತೆ, ಕೆಲವು ಮಾದರಿಗಳಲ್ಲಿ ಹರಡಿನವರೆಗೆ ಏರುವ ಪಟ್ಟಿ, ಒಟ್ಟು ತೂಕ, ಇವೆಲ್ಲ ಕಾಲಿಗೆ ಚೆಂಡಿನ ಸ್ಪರ್ಶವನ್ನು ಮಂಕಾಗಿಸುತ್ತವೆ ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಇನ್ನು ಎರಡು ಜೊತೆಯ ಮಾತು. ಎರಡೂ ಆಟ ಆಡುವವರು ಒಂದೇ ಜೊತೆ ಕೊಳ್ಳುವುದಾದರೆ ಸಾಕರ್ ಶೂವನ್ನೇ ಕೊಳ್ಳಿ ಎಂದು ನಾವು ಹೇಳುತ್ತ ಬಂದಿದ್ದೇವೆ, ಈಗಲೂ ಹೇಳುತ್ತೇವೆ. ಸಾಕರ್ ಶೂ ಅಮೆರಿಕನ್ ಫುಟ್‌ಬಾಲ್ ಮೈದಾನಕ್ಕೆ ಹೊಸದೇನಲ್ಲ. 1964ರಲ್ಲಿ ಬಫಲೋ ಬಿಲ್ಸ್ ತಂಡಕ್ಕೆ ಬಂದ ಪೀಟ್ ಗೊಗೊಲಾಕ್ ಪಾದದ ಮೇಲ್ಭಾಗದಿಂದ ಒದೆಯುವ ಸಾಕರ್ ಶೈಲಿಯನ್ನು ವೃತ್ತಿಪರ ಆಟಕ್ಕೆ ತಂದ ಮೇಲೆ ಆ ಶೈಲಿಯೇ ರೂಢಿಯಾಯಿತು, ಒದೆಯುವ ಆಟಗಾರರಲ್ಲಿ ಅನೇಕರು ಸಾಕರ್ ಶೂಗಳನ್ನೇ ತೊಡುತ್ತಾರೆ. ಮುಂಚೂಣಿಯಲ್ಲಿ ನಿಂತು ನೂಕುವವರಿಗೆ ಮಾತ್ರ ಅದು ಸಾಲದು. ಎರಡು ಜೊತೆ ಮಾರುವ ಹಂಚಿಕೆ ನಮಗಿದ್ದರೆ ಈ ಸಲಹೆಯನ್ನು ಬರೆದು ಕೊಡುತ್ತಿರಲಿಲ್ಲ.

ಖರ್ಚಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಸ್ಟಡ್ ಉಜ್ಜಿಕೊಡುವುದಕ್ಕೆ ನಾವು ಎಂದೂ ಕೂಲಿ ಪಡೆದಿಲ್ಲ. ಆದರೆ ಒಮ್ಮೆ ಉಜ್ಜಿದ ಶೂವಿಗೆ ತಯಾರಕರ ಖಾತರಿ ಇರುವುದಿಲ್ಲ. ಅದು ಹೊಂದದೆ ಹಿಂದಿರುಗಿ ಬಂದರೆ ಅವರು ಮುಟ್ಟುವುದೂ ಇಲ್ಲ, ನಷ್ಟವೆಲ್ಲ ನಮ್ಮ ತಲೆಯ ಮೇಲೆಯೇ. ಅರ್ಧ ಅಳತೆಗಳೂ ಸೇರಿ ಮಕ್ಕಳ ಎಲ್ಲ ಅಳತೆಗಳನ್ನು ಎರಡೂ ಆಟಗಳಿಗೆ ಬೇರೆ ಬೇರೆಯಾಗಿ ಇಡುವುದೆಂದರೆ, ಋತು ಮುಗಿದಾಗ ಯಾರಿಗೂ ಬೇಡದ ಅಳತೆಗಳು ಎರಡೂ ಕಡೆ ಉಳಿಯುತ್ತವೆ. ದರ ಏರಿಸಿದಿರಿ ಎನ್ನುವವರು ಈ ಉಳಿಕೆಯ ರಾಶಿಯನ್ನೂ ಒಮ್ಮೆ ನೋಡಿದರೆ ನ್ಯಾಯವಾದೀತು.

ಕಳೆದ ಋತುವಿನಲ್ಲಿ ಸಾಕರ್‌ಗೆಂದು ನಮ್ಮಲ್ಲಿ ಅಮೆರಿಕನ್ ಫುಟ್‌ಬಾಲ್ ಶೂ ಕೊಂಡು ಇನ್ನೂ ಮೈದಾನಕ್ಕೆ ಇಳಿಸದವರು ಅದನ್ನು ತಂದು ಸಾಕರ್ ಶೂವಿಗೆ ಬದಲಿಸಿಕೊಳ್ಳಬಹುದು. ಉಜ್ಜಿಸಿಕೊಂಡು ಆಡುತ್ತಿರುವವರು ಒಮ್ಮೆ ತೋರಿಸಿ. ಅಂಚು ಎದ್ದಿದೆಯೇ ಎಂದು ನಾವೇ ಕೈಯಾರೆ ನೋಡಿ, ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ. ನೀವು ಆಡುವುದು ನೈಸರ್ಗಿಕ ಹುಲ್ಲಿನ ಮೇಲೋ ಕೃತಕ ಹುಲ್ಲಿನ ಮೇಲೋ ಎಂಬುದನ್ನು ತಿಳಿಸಿ, ಏಕೆಂದರೆ ಸ್ಟಡ್‌ಗಳ ಉದ್ದ ಅದನ್ನು ಅವಲಂಬಿಸಿದೆ. ಮತ್ತು ಬರುವಾಗ ಆಟಕ್ಕೆ ತೊಡುವ ಕಾಲುಚೀಲಗಳನ್ನೇ ತನ್ನಿ, ಅವಿಲ್ಲದೆ ಅಳತೆ ಸರಿಯಾಗಿ ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಮಾಲೀಕರು ಮತ್ತು ಸಿಬ್ಬಂದಿ