ಬಾಲ್ಟಿಮೋರ್‌ನಿಂದ ಅಪ್ಪನಿಗೆ

ಅಪ್ಪಾ, ನಮಸ್ಕಾರ. ನಾನು ಚೆನ್ನಾಗಿದ್ದೀನಿ, ಅಮ್ಮನಿಗೂ ಹೇಳಿ.

ಕಾಗದ ಬಂತು. ಸತೀಶ ಹಾಕಿಕೊಟ್ಟ, ಇದೇ ಊರಿನ ಕಥೆಯಿರೋ ಟಿವಿ ಧಾರಾವಾಹಿ ‘ದಿ ವೈರ್’ ನೋಡಿ ನಿದ್ದೆಗೆಟ್ಟಿದ್ದೀರಿ, ಬಿಪಿ 170ಕ್ಕೆ ಹೋಗಿತ್ತು ಅಂತ ಓದಿ ನನಗೆ ಕೈಕಾಲೇ ಆಡಲಿಲ್ಲ. ಮಾತ್ರೆ ತಗೊಳ್ತಿದ್ದೀರಾ, ಇಲ್ಲವಾ? ಅದನ್ನ ಬರೆದೇ ಇಲ್ಲ.

ಅದು 2002ರಿಂದ 2008ರವರೆಗೆ ಬಂದ ಧಾರಾವಾಹಿ, ಇವತ್ತಿನದಲ್ಲ. ಹಾಗಂತ ಸುಳ್ಳು ಅಂತಲೂ ಹೇಳಲಾರೆ. ಅದನ್ನ ಮಾಡಿದ ಡೇವಿಡ್ ಸೈಮನ್ ಈ ಊರಿನ ಪತ್ರಿಕೆಗೇ ಪೊಲೀಸ್ ಸುದ್ದಿ ಬರೆಯುತ್ತಿದ್ದವರು. ಜೊತೆಗೆ ಬರೆದ ಎಡ್ ಬರ್ನ್ಸ್ ಇಲ್ಲೇ ಪೊಲೀಸರಾಗಿದ್ದು ಆಮೇಲೆ ಮೇಷ್ಟ್ರಾದವರು. ನೀವು ಮೊದಲನೇ ಸೀಸನ್ನಿಗೇ ನಿಲ್ಲಿಸಿದ್ದೀರಿ, ಅದಕ್ಕೇ ಬರೀ ಡ್ರಗ್ಸು, ಗುಂಡು ಕಂಡಿದೆ.

ಎರಡನೆಯದು ಬಂದರಿನ ಕೂಲಿಯವರದು. ಹಡಗುಗಳೇ ಕಡಿಮೆ, ಹುಡುಗರಿಗೆ ಕೆಲಸವಿಲ್ಲ. ಹಡಗು ಬರೋ ಕಾಲುವೆ ಹೂಳೆತ್ತಿಸಿದರೆ ಬಂದರು ಉಳಿಯುತ್ತೆ ಅಂತ ಯೂನಿಯನ್ ಮುಖಂಡ ಕಳ್ಳಸಾಗಣೆ ದುಡ್ಡನ್ನೇ ರಾಜಕಾರಣಿಗಳಿಗೆ ಸುರಿಯುತ್ತಾನೆ. ಮಾಡಿದ್ದು ತಪ್ಪು. ಆದರೆ ಅವನ ಸಂಕಟ ನಮ್ಮನೆಯಲ್ಲೂ ಇತ್ತಲ್ಲಪ್ಪಾ. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ನೀವು ಆರಕ್ಕೇ ಸ್ನಾನ ಮಾಡಿ, ಯೂನಿಫಾರ್ಮ್ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಿರಿ. ಅಮ್ಮ ಡಬ್ಬಿ ತುಂಬಿ ಅಲ್ಲಿಗೇ ತಂದಿಡುತ್ತಿದ್ದಳು.

ನಾನು ಅತ್ತಿದ್ದು ನಾಲ್ಕನೇ ಸೀಸನ್ನಿಗೆ, ಶಾಲೆ ಹುಡುಗರ ಕಥೆಗೆ. ಅಪರಾಧ ಇಳಿದಿದೆ ಅಂತ ತೋರಿಸೋಕೆ ಪೊಲೀಸರು ದೊಡ್ಡ ಕೇಸನ್ನ ಸಣ್ಣದು ಮಾಡಿ ಬರೆಯುತ್ತಾರೆ. ಶಾಲೆಯಲ್ಲಿ ಅಂಕ ಏರಿಸೋಕೆ ಪಾಠ ಬಿಟ್ಟು ಪರೀಕ್ಷೆ ಪ್ರಶ್ನೆ ಉರು ಹೊಡೆಸುತ್ತಾರೆ. ಮೇಲಿನವರಿಗೆ ಲೆಕ್ಕ ಸರಿಹೋಯಿತು, ಮಕ್ಕಳು ಬೀದಿಗೆ ಬಿದ್ದರು. ಈ ಊರಿನವರನ್ನೆಲ್ಲ ರೌಡಿಗಳು ಅಂತ ಬರೆದಿದ್ದೀರಿ, ಅದು ನನಗೆ ನೋವಾಯಿತು.

ನಮ್ಮ ಬೀದಿಗೆ ಕುದುರೆಗಾಡಿಯಲ್ಲಿ ಹಣ್ಣು ಬರುತ್ತೆ, ಅಮೆರಿಕದಲ್ಲಿ! ‘ಅರೇಬರ್’ ಅಂತಾರೆ ಆ ಗಾಡಿಯವರನ್ನ. ಕುದುರೆಗೆ ಗೆಜ್ಜೆ ಕಟ್ಟಿರುತ್ತಾರೆ. ಅವರು ಕೂಗೋದು ಥೇಟ್ ನಮ್ಮ ರಾಜಾಜಿನಗರದ ಸೊಪ್ಪಿನಮ್ಮನ ರಾಗವೇ. ಪಕ್ಕದ ಮನೆ ಅಜ್ಜಿ ಬಾಗಿಲ ಮುಂದಿನ ಅಮೃತಶಿಲೆ ಮೆಟ್ಟಿಲನ್ನ ಮಂಡಿಯೂರಿ ಉಜ್ಜುತ್ತಾರೆ, ಅಮ್ಮ ಹೊಸ್ತಿಲು ತೊಳೆದ ಹಾಗೆ. ನಾನು ಬರೋದು ತಡವಾದರೆ ಅದೇ ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ.

ಕತ್ತಲಾದ ಮೇಲೆ ನಾನು ನಡೆದು ಓಡಾಡಲ್ಲ, ಆಸ್ಪತ್ರೆ ವ್ಯಾನು ಮನೆ ಬಾಗಿಲಿಗೇ ಬಿಡುತ್ತೆ, ಎರಡೆರಡು ಬೀಗ ಇದೆ. ನನಗೇನೂ ಆಗಲ್ಲಪ್ಪಾ, ಖಂಡಿತ ಏನೂ ಆಗಲ್ಲ. ನೀವು ಉಪ್ಪಿನಕಾಯಿ ಬಿಡಿ, ಡಾಕ್ಟರ ಹತ್ತಿರ ಈ ವಾರವೇ ಹೋಗಿ. ಎರಡನೇ ಸೀಸನ್ ಹಗಲು ಹೊತ್ತು ನೋಡಿ, ಭಾನುವಾರ ಫೋನ್ ಮಾಡ್ತೀನಿ, ಬಿಪಿ ಎಷ್ಟು ಅಂತ ಬರೆದಿಟ್ಟಿರಿ.

ವ್ಯಾನು ಬಂತು.

ನಿಮ್ಮ ಮಗಳು,
ಸುಮಾ