ಹೂಮಳೆಗೆ ಕಾದ ರಾತ್ರಿ

ಆತ್ಮೀಯ ಕನ್ನಡ ಬಂಧುಗಳೇ,

ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದಾಗ ಒಂದು ರಾತ್ರಿ ಸಕಲೇಶಪುರದ ಹತ್ತಿರ ಭಾವನ ತೋಟದಲ್ಲಿ ಉಳಿದಿದ್ದೆ. ಊಟವಾದ ಮೇಲೆ ಅವರು ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಮೋಡದ ಚಿತ್ರ ನೋಡುತ್ತಲೇ ಇದ್ದರು. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿತ್ತು. ಹೂಮಳೆ ಚೆನ್ನಾಗಿ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ನಾಲ್ಕು ಹನಿ ಉದುರಿಸಿ ಹೋದರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ. ‘ಈ ಫೋಟೊ ತೆಗಿಯೋ ಉಪಗ್ರಹನ ನೋಡ್ಕೊಳ್ಳೋದು ನಮ್ಮ ಹಾಸನದಲ್ಲೇ ಕಣಯ್ಯ’ ಎಂದರು.

ಹಾಸನದಲ್ಲೇ ಬೆಳೆದವನು ನಾನು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ದೊಡ್ಡ ದೊಡ್ಡ ಡಿಶ್‌ಗಳನ್ನು ಎಷ್ಟು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೋ! ಅವು ಏನು ಮಾಡುತ್ತವೆ ಎಂದು ಕೂತು ಯೋಚಿಸಿದ್ದು ಆ ರಾತ್ರಿಯೇ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದಾಗ ನಾವೆಲ್ಲ ಟಿವಿ ಮುಂದೆ ಕೂತು ಕಣ್ಣೀರು ಹಾಕಿದೆವು. 2025ರ ಜನವರಿಯಲ್ಲಿ ಇಸ್ರೋದ ಜೋಡಣೆ ಪ್ರಯೋಗ ಸ್ಪೇಡೆಕ್ಸ್‌ನ ಎರಡು ನೌಕೆಗಳು ಕಕ್ಷೆಯಲ್ಲೇ ಒಂದಕ್ಕೊಂದು ಕೂಡಿಕೊಂಡವು, ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಒಂದೊಂದೂ ಹಬ್ಬವೇ. ಹಾಸನದ ಕೆಲಸಕ್ಕೆ ಅಂಥ ಹಬ್ಬದ ದಿನ ಬರುವುದು ಅಪರೂಪ. ಅದಕ್ಕೇ ಅದರ ಬಗ್ಗೆ ಇಲ್ಲಿ ಬರೆಯಬೇಕೆನಿಸಿತು.

ರಾಕೆಟ್ಟು ಮೋಡದ ಚಿತ್ರ ತೆಗೆಯುವಂಥ ಉಪಗ್ರಹವನ್ನು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟು ತನ್ನ ಕೆಲಸ ಮುಗಿಸುತ್ತದೆ. ಅಲ್ಲಿಂದ ಮುಂದೆ ಎಂಜಿನ್ ಉರಿಸಿ 35,786 ಕಿಲೊಮೀಟರ್ ಎತ್ತರಕ್ಕೆ ಏರಿಸುವುದು, ಸೌರಫಲಕ ಬಿಡಿಸುವುದು, ನಮ್ಮ ದೇಶದತ್ತ ಮುಖ ಮಾಡಿಸಿ ನಿಲ್ಲಿಸುವುದು, ಇವೆಲ್ಲ ಹಾಸನದಿಂದ ಹೋಗುವ ಆದೇಶಗಳು. ನಿಲ್ಲಿಸಿದರೆ ಮುಗಿಯಲಿಲ್ಲ. ಸೂರ್ಯ-ಚಂದ್ರರ ಸೆಳೆತ ಅದರ ಕಕ್ಷೆಯನ್ನು ವಾಲಿಸುತ್ತದೆ, ಭೂಮಿಯ ಆಕಾರ ಸಮ ಇಲ್ಲದ್ದರಿಂದ ಪೂರ್ವ-ಪಶ್ಚಿಮವಾಗಿಯೂ ಅದು ಜಾರುತ್ತದೆ. ಮತ್ತೆ ಮತ್ತೆ ಚೂರು ಇಂಧನ ಉರಿಸಿ ಜಾಗಕ್ಕೆ ತರಬೇಕು. ಇಂಧನ ಮುಗಿದರೆ ಉಪಗ್ರಹದ ಆಯಸ್ಸೂ ಮುಗಿದಂತೆ. ಮಾರ್ಚ್ ತಿಂಗಳಂತೂ ಈ ಕೇಂದ್ರದವರಿಗೆ ಕಷ್ಟದ ಕಾಲ: ನಡುರಾತ್ರಿಯ ಸುಮಾರಿಗೆ ಉಪಗ್ರಹ ಭೂಮಿಯ ನೆರಳಿನಲ್ಲಿ 72 ನಿಮಿಷದವರೆಗೂ ಇರುತ್ತದೆ, ಬರೀ ಬ್ಯಾಟರಿಯೇ ಗತಿ. ನಮ್ಮ ಭಾವ ಮೋಡ ನೋಡುತ್ತಾ ಕೂತಿದ್ದ ಹೊತ್ತಿನಲ್ಲೇ, ನಲವತ್ತು ಕಿಲೊಮೀಟರ್ ಆಚೆ ರಾತ್ರಿ ಪಾಳಿಯವರು ಆ ಬ್ಯಾಟರಿ ನೋಡುತ್ತಾ ಕೂತಿದ್ದರು.

ಎಲ್ಲವೂ ಸಲೀಸಾಗಿ ನಡೆದುಬಂದಿದ್ದಲ್ಲ. ಕೇಂದ್ರ ಶುರುವಾದ 1982ರಲ್ಲೇ ಇನ್ಸಾಟ್-1ಎ ಉಪಗ್ರಹ ಹಾರಿತು, ಸೆಪ್ಟೆಂಬರ್ ಹೊತ್ತಿಗೆ ಇಂಧನ ಖಾಲಿಯಾಗಿ ಕೈಬಿಟ್ಟುಹೋಯಿತು. ಮರುವರ್ಷ ಬಂದ ಇನ್ಸಾಟ್-1ಬಿಯ ಸೌರಫಲಕವೂ ಸಿಕ್ಕಿಹಾಕಿಕೊಂಡಿತು. ಅದನ್ನು ತಯಾರಿಸಿದ ಕಂಪನಿಯವರೂ ನಮ್ಮವರೂ ಸೇರಿ ಎರಡು ವಾರ ಬೆನ್ನುಬಿಡದೆ ಪ್ರಯತ್ನಿಸಿ ಬಿಡಿಸಿದರು. ಹಳ್ಳಿಗಳವರೆಗೆ ದೂರದರ್ಶನ ಮುಟ್ಟಿದ್ದು ಆ ಉಪಗ್ರಹದಿಂದ. 2025ರ ಜನವರಿಯಲ್ಲೂ ದಾರಿ ತೋರುವ (ನ್ಯಾವಿಗೇಶನ್) ಉಪಗ್ರಹ ಎನ್‌ವಿಎಸ್-02ರ ಸೌರಫಲಕ ಬಿಚ್ಚಿಕೊಂಡಿತು, ಎಂಜಿನ್ನಿನ ಕವಾಟ ಮಾತ್ರ ತೆರೆಯಲೇ ಇಲ್ಲ. ಶ್ರೀಹರಿಕೋಟಾದ ನೂರನೇ ಉಡಾವಣೆ ಅದು. ಓದಿದಾಗ ಹೊಟ್ಟೆ ಕಿವುಚಿದಂತಾಯಿತು.

ಪ್ರತಿ ರಾಜ್ಯೋತ್ಸವಕ್ಕೂ ನಮ್ಮ ಮಕ್ಕಳು ರಾಕೆಟ್ ಮಾದರಿ ಮಾಡುತ್ತಾರೆ. ಈ ಸಲ ಅದರ ಪಕ್ಕದಲ್ಲಿ ಹಾಸನದ ಡಿಶ್ ಒಂದನ್ನೂ ಮಾಡಿಸೋಣ. ಎಂಸಿಎಫ್‌ನಲ್ಲಿ ದುಡಿದ ಅಪ್ಪ-ಅಮ್ಮ, ಚಿಕ್ಕಪ್ಪ-ಅತ್ತೆಯರು ನಿಮ್ಮ ಮನೆಯಲ್ಲಿದ್ದರೆ ಅವರ ರಾತ್ರಿ ಪಾಳಿಯ ನೆನಪುಗಳನ್ನು ಕೇಳಿ ಬರೆದು ಕಳಿಸಿ. ಒಂದು ಪುಟ ಖಾಲಿ ಇಟ್ಟಿದ್ದೇನೆ.

ಅಂದು ರಾತ್ರಿ ಮಳೆ ಬರಲಿಲ್ಲ. ಮೂರನೇ ದಿನ ಸಂಜೆ ಬಂತು. ಭಾವ ಕಳಿಸಿದ ಹೂವಿನ ಫೋಟೊ ಈ ಸಂಚಿಕೆಯ ಮುಖಪುಟದಲ್ಲಿದೆ.

ನಿಮ್ಮ ಸಂಪಾದಕ